ನೀಲಿ ಮನೆಯ ಅತಿಥಿಗಳು

ಬೋಳು ಗುಡ್ಡದ ನೆತ್ತಿಯ ಮೇಲೆ ಒಂದು ಊರಿತ್ತು. ಊರಿನ ನೆತ್ತಿಯ ಮೇಲೆ ಗೊಂಚಲು ಇತ್ತು. ಗೊಂಚಲು ಎಂದರೆ ಒಂದನ್ನೊಂದು ಒತ್ತಿಕೊಂಡು ಕೂತ ಎಳೆಯ ನಕ್ಷತ್ರಗಳು. ಬೇರೆ ಊರುಗಳಲ್ಲಿ ಅದು ಹೆಬ್ಬೆರಳಿನಷ್ಟೇ ಕಾಣುತ್ತಿತ್ತಂತೆ. ಈ ಊರಿಗೆ ಅದು ಎಷ್ಟು ಹತ್ತಿರವೆಂದರೆ, ಚಳಿಗಾಲದ ಸಂಜೆ ಹೆಂಗಸರು ಅಂಗಳದಲ್ಲಿ ಕೂತು ಅದರ ಬೆಳಕಿನಲ್ಲೇ ಅಕ್ಕಿ ಆರಿಸುತ್ತಿದ್ದರು.

ಆ ಊರಿಗೊಂದು ಕಟ್ಟಳೆ ಇತ್ತು. ಮಗು ಹುಟ್ಟಿದ ಮೇಲೆ ಬರುವ ಮೊದಲ ಚಳಿಗಾಲದಲ್ಲಿ ಅದನ್ನು ಮೂಡಣ ಗೋಡೆಯ ಬಳಿಗೆ ಒಯ್ಯಬೇಕು. ಗೋಡೆಯಲ್ಲಿ ಬೆರಳಗಲದ ಒಂದು ಸೀಳು. ಸೂರ್ಯ ಮುಳುಗಿ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ, ಗೊಂಚಲಿನ ಯಾವ ನಕ್ಷತ್ರ ಆ ಸೀಳಿನೊಳಗೆ ಬಂದು ನಿಲ್ಲುತ್ತದೋ ಅದೇ ಆ ಮಗುವಿನ ನಕ್ಷತ್ರ. ಅದರ ಬಣ್ಣ ನೋಡಿ ಹೇಳಲು ಒಬ್ಬಳಿದ್ದಳು. ಊರು ಅವಳನ್ನು ನೋಡುಗಿತ್ತಿ ಎಂದು ಕರೆಯುತ್ತಿತ್ತು.

ನೋಡುಗಿತ್ತಿ ಕೆಂಪು ಎಂದರೆ ಜನ ಹರ್ಷದಿಂದ ಕೂಗುತ್ತಿದ್ದರು. ಕೆಂಪು ನಕ್ಷತ್ರ ಸಣ್ಣಗೆ ಉರಿಯುತ್ತದೆ, ಬಹಳ ಕಾಲ ಉರಿಯುತ್ತದೆ. ಹಳದಿ ಎಂದರೆ ತಾಯಿ ನಿಟ್ಟುಸಿರು ಬಿಟ್ಟು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ನೀಲಿ ಎಂದರೆ ಯಾರೂ ಮಾತಾಡುತ್ತಿರಲಿಲ್ಲ. ನೀಲಿ ನಕ್ಷತ್ರ ಧಗಧಗ ಉರಿದು ಬೇಗ ಮುಗಿದುಹೋಗುತ್ತದೆ. ಅದರ ಮಗುವೂ ಹಾಗೆಯೇ ಎಂದು ಊರು ನಂಬಿತ್ತು.

ನೀಲಿ ಮಗುವನ್ನು ಅಲ್ಲಿಂದಲೇ ನೀಲಿ ಮನೆಗೆ ಒಯ್ಯುತ್ತಿದ್ದರು. ಅದು ಊರಿನ ಅಂಚಿನಲ್ಲಿದ್ದ ದೊಡ್ಡ ತೊಟ್ಟಿಮನೆ. ಅಲ್ಲಿ ಬೆಳೆಯುವವರನ್ನು ಅತಿಥಿಗಳು ಎನ್ನುತ್ತಿದ್ದರು. ಊರಿನ ಮೊದಲ ಹಾಲು ಅವರಿಗೆ, ಮೊದಲ ಹಣ್ಣು ಅವರಿಗೆ. ಹೊರಟು ನಿಂತವರಿಗೆ ಯಾಕೆ ಕಲಿಸಬೇಕು ಎಂದು ಅವರಿಗೆ ಯಾವ ಕೆಲಸವನ್ನೂ ಕಲಿಸುತ್ತಿರಲಿಲ್ಲ. ಕೂಗಿ ಕರೆದರೆ ಮನಸ್ಸು ಅಂಟುತ್ತದೆ ಎಂದು ಹೆಸರಿಡುತ್ತಿರಲಿಲ್ಲ. ಹೆತ್ತವಳು ಅಮಾವಾಸ್ಯೆಗೊಮ್ಮೆ ಬಂದು, ತೊಟ್ಟಿಯ ಆಚೆ ಕೂತು, ಅತಿಥಿಗೆ ತಕ್ಕ ಬಹುವಚನದಲ್ಲಿ, “ತಮ್ಮ ಊಟ ಆಯಿತೇ?” ಎಂದು ಕೇಳಿ, ತಂದ ತಿಂಡಿಯನ್ನು ನಡುವೆ ಇಟ್ಟು ಹೋಗಬಹುದಿತ್ತು. ಇದೆಲ್ಲ ಕ್ರೌರ್ಯ ಎಂದು ಯಾರಿಗೂ ಅನ್ನಿಸಿರಲಿಲ್ಲ. ಹಿಂದೆ ಯಾವಳೋ ಒಬ್ಬ ತಾಯಿ ಸತ್ತ ಮಗುವಿನ ಹಿಂದೆಯೇ ಬಾವಿಗೆ ಹಾರಿದ್ದಳಂತೆ. ಇನ್ನೊಬ್ಬಳಿಗೆ ಹಾಗಾಗದಿರಲಿ ಎಂದು, ಕರುಣೆಯಿಂದಲೇ ಈ ಕಟ್ಟಳೆ ಮಾಡಿದ್ದರು.

ಹಾಗೆಂದು ಅತಿಥಿಗಳು ಬೇಗ ಸಾಯುತ್ತಿದ್ದರೇ? ಕೆಲವರು ಸತ್ತರು, ಜ್ವರದಿಂದ, ಹಾವು ಕಚ್ಚಿ. ಆಗ ಊರು, “ನಕ್ಷತ್ರ ಕರೆಯಿತು” ಎಂದಿತು. ಉಳಿದವರು ಬದುಕಿಯೇ ಇದ್ದರು. ಮೂವತ್ತು ದಾಟಿದರು, ಐವತ್ತು ದಾಟಿದರು. ಆಗಲೂ ಊರು, “ಇನ್ನೂ ಕರೆ ಬಂದಿಲ್ಲ” ಎಂದಿತು. ನೀಲಿ ಮನೆಯ ಹಿರಿಯ ಅತಿಥಿಗೆ ಅರವತ್ತನಾಲ್ಕು ವರ್ಷ. ಅವನ ಅಂಗೈ ಹಸುಗೂಸಿನ ಅಂಗೈಯಷ್ಟು ಮೆತ್ತಗಿತ್ತು.

ಈ ಕಥೆಯ ನೋಡುಗಿತ್ತಿಯ ಸ್ವಂತ ಹೆಸರು ದ್ಯಾವಮ್ಮ. ಮೂವತ್ತು ಚಳಿಗಾಲಗಳ ಹಿಂದೆ ಅವಳು ತನ್ನದೇ ಏಳು ತಿಂಗಳ ಹೆಣ್ಣುಕೂಸನ್ನು ಮೂಡಣ ಗೋಡೆಯ ಬಳಿ ಮಲಗಿಸಿದ್ದಳು. ಗಂಡ ಆ ವರ್ಷವೇ ತೀರಿಕೊಂಡಿದ್ದ. ಊರೆಲ್ಲ ಹಿಂದೆ ನಿಂತಿತ್ತು. ಸೀಳಿನಲ್ಲಿ ನಕ್ಷತ್ರ ಬಂದು ನಿಂತಾಗ ಅದನ್ನು ನೋಡಿದವಳು ಅವಳೊಬ್ಬಳೇ. ಹಳದಿ ಎಂದಿದ್ದರೆ ಸಾಕಿತ್ತು. ಯಾರೂ ಬಂದು ನೋಡುತ್ತಿರಲಿಲ್ಲ. ಆದರೆ ಅವಳು ಕಂಡದ್ದನ್ನೇ ಹೇಳಿ ಬೆಳೆದವಳು. ಬಾಯಿ ತೆರೆದಳು, “ನೀಲಿ” ಎಂದಳು. ಆ ಸಂಜೆ ಅವಳ ಎದೆಹಾಲು ಸೆರಗಿನೊಳಗೆ ಸೋರುತ್ತಲೇ ಇತ್ತು.

ಅಂದಿನಿಂದ ಅವಳು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಗೊಂಚಲಿನ ಪ್ರತಿ ನಕ್ಷತ್ರದ ಬೆಳಕು ಹೆಚ್ಚಿತೋ ತಗ್ಗಿತೋ, ಯಾವುದು ನಡುಗಿತು, ಯಾವುದರ ಸುತ್ತ ಮಂಜು ಕವಿದಿದೆ ಎಂದು ಓಲೆಗರಿಯಲ್ಲಿ ಗೀಚಿಡುತ್ತಿದ್ದಳು. ಅವಳಿಗಿಂತ ಹಿಂದಿನ ಹತ್ತು ನೋಡುಗಿತ್ತಿಯರೂ ಹಾಗೆಯೇ ಗೀಚಿಟ್ಟಿದ್ದರು. ಕಟ್ಟುಗಳು ಅಟ್ಟದ ತುಂಬ ಇದ್ದವು. ಬರೆಯುವುದು ಅವರ ಕೆಲಸ. ಹಿಂದಿನದನ್ನು ಬಿಚ್ಚಿ ಓದುವುದು ಯಾರ ಕೆಲಸವೂ ಆಗಿರಲಿಲ್ಲ.

ಒಂದು ಚಳಿಗಾಲದ ಮೊದಲಲ್ಲಿ ಗುಡ್ಡ ಹತ್ತಿ ಒಬ್ಬ ಹೆಂಗಸು ಬಂದಳು. ಜೊತೆಗೊಂದು ಕತ್ತೆ, ಕತ್ತೆಯ ಮೇಲೆ ಹತ್ತಿಯ ಹಾಸಿಗೆಯಲ್ಲಿ ಸುತ್ತಿದ ಹಿತ್ತಾಳೆಯ ಕೊಳವೆ. ಎಳೆಯ ನಕ್ಷತ್ರಗಳನ್ನು ಅಳೆಯುವುದೇ ತನ್ನ ಕೆಲಸ ಎಂದಳು. ಊರು ಅವಳನ್ನು ಅಳೆಯುವಾಕೆ ಎಂದು ಕರೆಯಿತು.

“ಅಮ್ಮಾ, ನಿಮ್ಮ ಅಟ್ಟದ ಓಲೆಗಳ ಸುದ್ದಿ ಕೇಳಿ ಬಂದೆ,” ಎಂದಳು ಅವಳು ನೋಡುಗಿತ್ತಿಗೆ. “ಎಳೆಯ ನಕ್ಷತ್ರಗಳು ಒಂದೇ ಸಮನೆ ಬೆಳಗೋದಿಲ್ಲ. ಹಟ ಮಾಡೋ ಕೂಸಿನ ಹಾಗೆ ಒಮ್ಮೆ ಉರೀತವೆ, ಒಮ್ಮೆ ಮಂಕಾಗ್ತವೆ. ಮುನ್ನೂರು ವರ್ಷ ಅದನ್ನ ಯಾರಾದರೂ ಬರೆದಿಟ್ಟಿದ್ದಾರೆ ಅಂದ್ರೆ, ನಾನು ಅವರ ಕಾಲಿಗೆ ಬೀಳಬೇಕು.”

ನೋಡುಗಿತ್ತಿಗೆ ಹಿಗ್ಗಾಯಿತು. ಜೀವಮಾನದಲ್ಲಿ ಯಾರೂ ಅವಳ ಕೆಲಸವನ್ನು ಹೊಗಳಿರಲಿಲ್ಲ. ಇಬ್ಬರೂ ಸಂಜೆಸಂಜೆ ಗೋಡೆಯ ಮೇಲೆ ಕೂತರು. ಅಳೆಯುವಾಕೆ ಕೊಳವೆಯ ತುದಿಗೆ ಮೂರು ಮೂಲೆಯ ಗಾಜು ಇಟ್ಟು ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಚ್ಚಿ ತೋರಿಸಿದಳು. ಯಾವುದು ಎಷ್ಟು ಬಿಸಿ, ಯಾವುದು ಎಷ್ಟು ವೇಗವಾಗಿ ಗಿರಗಿರ ತಿರುಗುತ್ತದೆ ಎಂದು ಹೇಳಿದಳು. ಒಂದು ನೀಲಿ ನಕ್ಷತ್ರದ ಸುತ್ತಲ ಮಂಜನ್ನು ತೋರಿಸಿ, “ನೋಡಿ, ಹೆರಿಗೆಯ ಬಟ್ಟೆ ಇನ್ನೂ ಬಿಚ್ಚಿಲ್ಲ,” ಎಂದು ನಕ್ಕಳು.

ಅದು ನೋಡುಗಿತ್ತಿಯ ಮಗಳ ನಕ್ಷತ್ರವಾಗಿತ್ತು.

“ನೀಲಿಯವು ಬೇಗ ಸಾಯ್ತಾವೆ, ಅಲ್ವಾ ತಾಯಿ?” ಎಂದಳು ನೋಡುಗಿತ್ತಿ, ಕಣ್ಣನ್ನು ಕೊಳವೆಯಿಂದ ತೆಗೆಯದೆ.

“ನಿಮ್ಮ ಹಿರಿಯರು ಸರಿಯಾಗೇ ಕಂಡಿದ್ದಾರೆ. ದೊಡ್ಡ ಒಲೆ, ಸೌದೆ ಬೇಗ ತಿನ್ನುತ್ತೆ. ಕೆಂಪಿನ ಆಯಸ್ಸಿನ ಮುಂದೆ ನೀಲಿಯದು ಏನೇನೂ ಅಲ್ಲ.”

“ಏನೇನೂ ಅಲ್ಲ ಅಂದ್ರೆ?”

“ಹತ್ತು ಕೋಟಿ ವರ್ಷ ಇದ್ದರೆ ಹೆಚ್ಚು.”

ನೋಡುಗಿತ್ತಿ ಕೊಳವೆಯಿಂದ ಕಣ್ಣು ತೆಗೆದಳು. “ಇನ್ನೊಮ್ಮೆ ಹೇಳಿ.”

“ಹತ್ತು ಕೋಟಿ ವರ್ಷ, ಅಮ್ಮಾ. ಯಾಕೆ, ಎದ್ದುಬಿಟ್ಟಿರಲ್ಲ? ಚಳಿಯಾ?”

“ಹೌದು,” ಎಂದಳು ನೋಡುಗಿತ್ತಿ. “ಚಳಿ.”

ಮರುದಿನ ಬೆಳಗ್ಗೆ ಅವಳು ಅಟ್ಟ ಹತ್ತಿದಳು. ಹನ್ನೊಂದು ಜನರ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ನಕ್ಷತ್ರವೊಂದು ಆರಿಹೋಯಿತು ಎನ್ನುವ ಒಂದು ಸಾಲು, ಒಂದೇ ಒಂದು ಸಾಲು ಎಲ್ಲಾದರೂ ಇದ್ದೀತೇ ಎಂದು ಹುಡುಕಿದಳು. ಆರು ದಿನ ಹುಡುಕಿದಳು. ಇರಲಿಲ್ಲ. ಮೊದಲ ನೋಡುಗಿತ್ತಿ ಎಣಿಸಿದ್ದ ನಕ್ಷತ್ರಗಳಷ್ಟೂ ಹೋದ ಸಂಜೆಯೂ ಇದ್ದವು. ಮೂರನೆಯ ನೋಡುಗಿತ್ತಿಯ ಓಲೆಯಲ್ಲಿ ಹೀಗಿತ್ತು: “ಇಂದು ನೀಲಿ ಮನೆಯ ಅತಿಥಿಯೊಬ್ಬರು ತೀರಿಕೊಂಡರು. ಅವರ ನಕ್ಷತ್ರ ಸಂಜೆಗೆ ಎಂದಿನಂತೆಯೇ ಬಂತು. ಹೇಳಬೇಕೆ?” ಅದರ ಕೆಳಗಿನ ಸಾಲಿನಲ್ಲಿ ಮೋಡದ ವಿಷಯ ಇತ್ತು.

ಆಮೇಲೆ ಅವಳು ತನ್ನದೇ ಕಟ್ಟು ಬಿಚ್ಚಿದಳು. ಅವಳ ಕಾಲದಲ್ಲಿ ನಾಲ್ವರು ಅತಿಥಿಗಳು ಸತ್ತಿದ್ದರು. ಪ್ರತಿಯೊಬ್ಬರೂ ಸತ್ತ ಮರುಸಂಜೆ ಅವರ ನಕ್ಷತ್ರ ಎಷ್ಟು ಬೆಳಗಿತು ಎಂದು ಅವಳ ಕೈಯೇ ಬರೆದಿತ್ತು. ಅಕ್ಷರ ಎಲ್ಲೂ ತಡವರಿಸಿರಲಿಲ್ಲ. ನೋಡಿದ್ದಳು, ಬರೆದಿದ್ದಳು, ಕಟ್ಟಿಟ್ಟಿದ್ದಳು. ಆ ಕೈಯಿಂದಲೇ ಕಟ್ಟನ್ನು ಮತ್ತೆ ಸುತ್ತಿ ಅವಳು ಅಟ್ಟದಿಂದ ಇಳಿದಳು.

ಮೊದಲು ಅವಳು ಹೋದದ್ದು ಬುಟ್ಟಿ ಹೆಣೆಯುವ ಮಾಳವ್ವನ ಹತ್ತಿರ. ಮಾಳವ್ವನಿಗೆ ಎಂಬತ್ತಮೂರು. ನೀಲಿ ಮನೆಯ ಆ ಅರವತ್ತನಾಲ್ಕರ ಅತಿಥಿ ಅವಳು ಹೆತ್ತ ಮಗ. ನೋಡುಗಿತ್ತಿ ಎಲ್ಲ ಹೇಳಿ ಮುಗಿಸುವ ತನಕ ಮುದುಕಿ ಬಿದಿರಿನ ಸೀಳನ್ನು ಒಳಗೆ ತೂರಿಸುವುದು, ಹೊರಗೆ ಎಳೆಯುವುದು ಮಾಡುತ್ತಲೇ ಇದ್ದಳು.

“ಊರಿಗೆ ಹೇಳಿದ್ದೀಯಾ?”

“ಇಲ್ಲ. ನಾಳೆ ಹೇಳಬೇಕು.”

“ಹೇಳಬೇಡ ದ್ಯಾವಿ.”

“ಅವ್ವಾ...”

“ಅರವತ್ತು ವರ್ಷದಿಂದ ತೊಟ್ಟಿ ಆಚೆ ಕೂತು ಎದ್ದು ಬರ್ತಿದ್ದೀನಿ. ಅಂಟಿಸಿಕೊಳ್ಳಬಾರದು, ಅವನು ಹೊರಟವನು ಅಂತ. ಹೊರಡಲೇ ಇಲ್ಲ ಅಂದ್ರೆ, ನಾನು ಮಾಡಿದ್ದು ಏನು? ಅದನ್ನ ಹೊತ್ತುಕೊಂಡು ಸಾಯೋಕೆ ನನ್ನ ಕೈಲಾಗಲ್ಲ. ನಾನು ಸತ್ತ ಮೇಲೆ ಹೇಳು. ಎಷ್ಟು ದಿನ ಇದ್ದೇನು ನಾನು?”

“ನೀಲಿ ಮನೆಯಲ್ಲಿ ಇಪ್ಪತ್ತಾರು ಜನ ಇದ್ದಾರವ್ವಾ,” ಎಂದಳು ನೋಡುಗಿತ್ತಿ. “ಈ ಚಳಿಗಾಲಕ್ಕೆ ಇನ್ನೂ ಐದು ಕೂಸು ಗೋಡೆ ಹತ್ತಿರ ಬರ್ತಾವೆ.”

ಮಾಳವ್ವ ಬುಟ್ಟಿಯನ್ನು ಪಕ್ಕಕ್ಕೆ ಇಟ್ಟಳು. ಬೇಡ ಎಂದು ಮತ್ತೆ ಹೇಳಲಿಲ್ಲ.

ಮರುದಿನ ನೋಡುಗಿತ್ತಿ ಊರನ್ನು ಮೂಡಣ ಗೋಡೆಯ ಮುಂದೆ ಸೇರಿಸಿದಳು. ಓಲೆಗಳನ್ನು ಓದಿದಳು. ಅಳೆಯುವಾಕೆ ಪಕ್ಕದಲ್ಲಿ ನಿಂತು ಹೌದು ಎಂದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಯಿತು. ಯಾರಿಗೆ ಅರ್ಥವಾಯಿತೋ ಅವರು ನಿಂತಲ್ಲೇ ಕೂತರು.

ಊರ ಯಜಮಾನ ಎದ್ದ. ಅವನ ತಮ್ಮನೂ ನೀಲಿ ಮನೆಯಲ್ಲಿದ್ದ. “ದ್ಯಾವಮ್ಮ, ಮುನ್ನೂರು ವರ್ಷದ ಕಟ್ಟಳೆ ಇದು. ತಪ್ಪು ಅಂತ ಒಪ್ಪಿಕೊಂಡರೆ ಸತ್ತವರಿಗೆ ಏನು ಉತ್ತರ ಕೊಡೋದು?”

“ಸತ್ತವರು ಕೇಳಲ್ಲ ಯಜಮಾನರೇ. ಇದ್ದವರು ಕೇಳ್ತಾರೆ.”

“ನೀನೇ ಅಲ್ವಾ ನನ್ನ ಕೂಸು ನೀಲಿ ಅಂದವಳು?” ಎಂದು ಒಬ್ಬ ಹೆಂಗಸು ಕಿರುಚಿದಳು. “ನೀನೇ ಅಲ್ವಾ?”

“ನಾನೇ,” ಎಂದಳು ನೋಡುಗಿತ್ತಿ. “ನನ್ನ ಕೂಸನ್ನೂ ನಾನೇ ನೀಲಿ ಅಂದೆ.”

ಆ ಹೆಂಗಸು ಬಂದು ಅವಳ ಕೆನ್ನೆಗೆ ಹೊಡೆದಳು. ಹೊಡೆದು ಅವಳ ಹೆಗಲ ಮೇಲೆಯೇ ತಲೆಯಿಟ್ಟು ಅತ್ತಳು. ಯಾರೂ ಬಿಡಿಸಲಿಲ್ಲ.

ಆ ದಿನ ಕೆಲವರು ನೀಲಿ ಮನೆಯತ್ತ ಓಡಿದರು. ಕೆಲವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರು ದಿನ ಆ ಬಾಗಿಲುಗಳು ತೆರೆಯಲಿಲ್ಲ. ಮಾಳವ್ವ ಕೋಲೂರಿಕೊಂಡು ನಡೆದೇ ಹೋದಳು. ಮೊದಲ ಸಲ ತೊಟ್ಟಿ ದಾಟಿ, ಮಗನ ಪಕ್ಕದಲ್ಲಿ ಕೂತಳು.

“ತಾವು ಇವತ್ತು ಯಾಕೆ ಬಂದಿರಿ?” ಎಂದ ಮಗ ಗಾಬರಿಯಿಂದ. “ಇವತ್ತು ಅಮಾವಾಸ್ಯೆ ಅಲ್ಲವಲ್ಲ?”

ಮುದುಕಿ ಸೊಂಟದಿಂದ ಬಾಚಣಿಗೆ ತೆಗೆದು ಅವನ ಬಿಳಿ ಕೂದಲನ್ನು ಬಾಚತೊಡಗಿದಳು. ಅವನು ಸುಮ್ಮನೆ ತಲೆ ಕೊಟ್ಟು ಕೂತ.

ನೋಡುಗಿತ್ತಿ ಹೋದದ್ದು ಎಲ್ಲರಿಗಿಂತ ಕೊನೆಗೆ. ಮಗಳು ಕಂಬಕ್ಕೆ ಒರಗಿ ಕೂತಿದ್ದಳು. ಮೂವತ್ತೊಂದು ವರ್ಷದ ಹೆಂಗಸು. ಮೂಗು ತಂದೆಯದು.

“ತಾವು ಕೂತುಕೊಳ್ಳಿ,” ಎಂದಳು ಮಗಳು.

ನೋಡುಗಿತ್ತಿ ನಿಂತೇ ಇದ್ದಳು. “ಸುದ್ದಿ ತಿಳೀತಾ?”

“ಎಲ್ಲರೂ ಅಳ್ತಾ ಇದ್ದಾರೆ. ನನಗೆ ಸರಿಯಾಗಿ ತಿಳಿಯಲಿಲ್ಲ. ನಾನು ಸಾಯೋದಿಲ್ಲವೇ?”

“ಸಾಯ್ತೀರಿ. ಎಲ್ಲರ ಹಾಗೆ. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ.”

“ತಮಗೂ ಗೊತ್ತಿಲ್ಲವೇ?”

“ನನಗೂ ಗೊತ್ತಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ.”

ಮಗಳು ಯೋಚಿಸಿದಳು. “ಇಷ್ಟು ದಿನ ನನಗೆ ಹೆದರಿಕೆ ಇರಲಿಲ್ಲ,” ಎಂದಳು. “ಈಗ ಆಗ್ತಿದೆ. ನಾಳೆ ಬೆಳಗಾದರೆ ನಾನು ಏನು ಮಾಡಬೇಕು? ನನಗೆ ಏನೂ ಬರೋದಿಲ್ಲ.”

“ಕಲಿಸ್ತೀನಿ.”

“ತಾವು ನನಗೊಂದು ಹೆಸರು ಇಟ್ಟಿದ್ದಿರಾ? ಅಲ್ಲಿ ಕೂತಿರೋ ಆ ಹೆಂಗಸು ತನ್ನ ಮಗನಿಗೆ ಮನಸ್ಸಿನಲ್ಲೇ ಒಂದು ಹೆಸರು ಇಟ್ಟಿದ್ದಳಂತೆ. ಈಗ ಕೂಗಿ ಕರೀತಿದ್ದಾಳೆ.”

ನೋಡುಗಿತ್ತಿ ಮೊದಲ ಸಲ ಸುಳ್ಳು ಹೇಳಬೇಕೆಂದುಕೊಂಡಳು. ಯಾವುದಾದರೂ ಒಂದು ಹೆಸರು ಹೇಳಿಬಿಟ್ಟರೆ ಆಗುತ್ತಿತ್ತು. ನಾಲಿಗೆ ಏಳಲಿಲ್ಲ. “ಇಲ್ಲ,” ಎಂದಳು. “ಇಟ್ಟುಕೊಂಡರೆ ಬದುಕೋಕೆ ಆಗ್ತಿರಲಿಲ್ಲ. ಮನಸ್ಸಿನಲ್ಲೂ ಇಟ್ಟಿರಲಿಲ್ಲ.”

ಮಗಳು ತಲೆಯಾಡಿಸಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಲೂ ಅವಳಿಗೆ ಬರುತ್ತಿರಲಿಲ್ಲ. “ಇವತ್ತು ತಾವು ಹೋಗಿ,” ಎಂದಳು. “ನಾನು ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ.”

ಹತ್ತು ದಿನಗಳಾದ ಮೇಲೆ ಅಳೆಯುವಾಕೆ ಹೊರಟು ನಿಂತಳು. ಬೇಕಾದ ಓಲೆಗಳ ನಕಲು ಮಾಡಿಕೊಂಡಿದ್ದಳು. ಕತ್ತೆಯ ಹಗ್ಗ ಹಿಡಿದು ತಲೆ ತಗ್ಗಿಸಿ, “ಅಮ್ಮಾ, ನನಗೆ ಗೊತ್ತಿದ್ದರೆ ಅವತ್ತು ಬಾಯಿ ಬಿಡ್ತಿರಲಿಲ್ಲ,” ಎಂದಳು.

“ಕೇಳಿದ್ದು ನಾನು,” ಎಂದಳು ನೋಡುಗಿತ್ತಿ. “ಮುನ್ನೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನೀವು ಅಳೀತಾ ಇರಿ. ಆದರೆ ಅಳೆದದ್ದನ್ನ ಮನುಷ್ಯರ ಮೇಲೆ ಇಡಬೇಡಿ.”

ಆ ಚಳಿಗಾಲ ಐದು ಕೂಸುಗಳನ್ನು ಯಾರೂ ಗೋಡೆಯ ಬಳಿಗೆ ತರಲಿಲ್ಲ. ನೀಲಿ ಮನೆಯಿಂದ ಹನ್ನೆರಡು ಜನ ತಮ್ಮ ತಮ್ಮ ಮನೆಗಳಿಗೆ ಹೋದರು. ಅವರಲ್ಲಿ ನಾಲ್ವರು ವಾರದೊಳಗೆ ವಾಪಸು ಬಂದರು. ಮನೆಯ ಗದ್ದಲ ಅವರಿಂದ ತಡೆಯಲಾಗಲಿಲ್ಲ. ಉಳಿದವರನ್ನು ಕರೆಯಲು ಯಾರೂ ಬದುಕಿರಲಿಲ್ಲ, ಇಲ್ಲವೇ ಯಾರೂ ಬರಲಿಲ್ಲ. ಮಾಳವ್ವ ಮಗನಿಗೆ ಬುಟ್ಟಿ ಹೆಣೆಯಲು ಕಲಿಸಲು ಹೊರಟಳು. ಮೆತ್ತಗಿನ ಆ ಅಂಗೈಗೆ ಬಿದಿರು ಕೊಯ್ದು ರಕ್ತ ಬಂತು. ಆದರೂ ಅವನು ಕೈ ಹಿಂದೆ ತೆಗೆಯಲಿಲ್ಲ. ಮಳೆಗಾಲ ಬರುವ ಮೊದಲೇ ಮಾಳವ್ವ ತೀರಿಕೊಂಡಳು. ಅರ್ಧ ಹೆಣೆದ ಬುಟ್ಟಿಯನ್ನು ಮುಗಿಸುವುದು ಹೇಗೆಂದು ಅವನಿಗೆ ತಿಳಿದಿರಲಿಲ್ಲ.

ನೋಡುಗಿತ್ತಿಯ ಮಗಳು ನಾಲ್ಕು ತಿಂಗಳ ಮೇಲೆ ತಾನಾಗಿಯೇ ಬಂದಳು. ಒಂದು ಚಾಪೆ ಸುತ್ತಿಕೊಂಡು ಬಂದು ಜಗುಲಿಯಲ್ಲಿ ನಿಂತಳು. ತಾಯಿ ಒಳಗೆ ಕರೆದಳು. ಇಬ್ಬರೂ ಒಂದೇ ಸೂರಿನ ಕೆಳಗೆ, ಅಪರಿಚಿತರ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟು ಓಡಾಡಿದರು. ತಾಯಿ ನೀರು ಸೇದುವುದು ಕಲಿಸಿದಳು, ಒಲೆ ಹಚ್ಚುವುದು ಕಲಿಸಿದಳು. ಮಗಳು ಕೊಡ ಒಡೆದರೆ “ಪರವಾಗಿಲ್ಲ” ಎಂದಳು. ಬೆಂಕಿ ಆರಿಸಿದರೆ “ಪರವಾಗಿಲ್ಲ” ಎಂದಳು. ಮೂವತ್ತು ವರ್ಷದ ತಪ್ಪು ತನ್ನದಾಗಿರುವಾಗ, ಇವಳ ತಪ್ಪನ್ನು ಎತ್ತಿ ಆಡಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಮಳೆಗಾಲದಲ್ಲಿ ತಾಯಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಮಗಳು ಒಬ್ಬಳೇ ಗಂಜಿ ಕಾಯಿಸಿ ಬಟ್ಟಲಲ್ಲಿ ತಂದಳು. ತಾಯಿಯ ತಲೆ ಎತ್ತಿ ಹಿಡಿದು ಕುಡಿಸಿದಳು. ಜ್ವರದ ಬಾಯಿ, ತಾಯಿಗೆ ಮೈಮೇಲೆ ಎಚ್ಚರವಿರಲಿಲ್ಲ. ಒಂದು ಗುಟುಕು ನುಂಗಿದವಳೇ ಮುಖ ಕಿವುಚಿದಳು.

“ಥೂ, ಇದೇನೇ ಇದು! ಗಂಜಿಗೆ ಉಪ್ಪು ಹಾಕಿದ್ದೀಯೋ, ಉಪ್ಪಿಗೆ ಗಂಜಿ ಹಾಕಿದ್ದೀಯೋ? ಕತ್ತೆ ವಯಸ್ಸಾಯ್ತು, ಕೈಯಲ್ಲಿ ಒಂದು ಅಳತೆ ಬೇಡ್ವಾ ನಿನಗೆ?”

ಅಂದದ್ದು ಕಿವಿಗೆ ಬಿದ್ದ ಮೇಲೆ ತಾಯಿಗೆ ಎಚ್ಚರವಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮಗಳು ಬಟ್ಟಲು ಹಿಡಿದು ನಿಂತಿದ್ದಳು. ಅವಳು ಹುಟ್ಟಿದಂದಿನಿಂದ ಯಾರೂ ಅವಳೊಂದಿಗೆ ಹೀಗೆ ಮಾತಾಡಿರಲಿಲ್ಲ. ನೆರೆಮನೆಯಲ್ಲಿ ನಿದ್ದೆಯಿಂದ ಎದ್ದ ಮಗುವಿನಂತೆ ಸುತ್ತ ನೋಡಿ, ಆಮೇಲೆ ಹೇಳಿದಳು:

“ಮಲಗಿರು. ಮತ್ತೆ ಮಾಡ್ಕೊಂಡು ಬರ್ತೀನಿ.”

ಒಳಗೆ ಹೋದಳು. ತಾಯಿ ಕಣ್ಣು ಮುಚ್ಚಿ ಮಲಗಿದ್ದಳು. ಅಡಿಗೆಮನೆಯಿಂದ ಅಕ್ಕಿ ತೊಳೆಯುವ ಸದ್ದು ಬಂತು. ನೀರು ಚೆಲ್ಲಿ ಮತ್ತೆ ನೀರು ಹೊಯ್ದ ಸದ್ದು, ಮತ್ತೆ ಚೆಲ್ಲಿದ ಸದ್ದು. ಬಹಳ ಹೊತ್ತು ಬರುತ್ತಲೇ ಇತ್ತು. ಒಂದು ಹಿಡಿ ಅಕ್ಕಿ ತೊಳೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.